ವಂತಿಕೆ ಕಾಲಂನಲ್ಲಿ ನಾನು ಹಾಕಿದ ಸೊನ್ನೆ

ನಮ್ಮ ಸ್ವಯಂಸೇವಾ ಸಂಸ್ಥೆಯ ಎಂ.ಐ.ಎಸ್. ಶೀಟಿನ, ಅಂದರೆ ಪ್ರಾಜೆಕ್ಟಿನ ಅಂಕಿಅಂಶ ತುಂಬುವ ಶೀಟಿನ, ಹದಿನಾಲ್ಕನೇ ಕಾಲಂ ‘ಸಮುದಾಯದ ವಂತಿಕೆ’. ಹಳಿಯಾಳ ತಾಲ್ಲೂಕಿನಲ್ಲಿ ಆಫ್ರಿಕನ್ ಮೂಲದ ಸಿದ್ದಿ ಸಮುದಾಯದ ಒಂದು ಕೇರಿಯ ಹೆಸರಿನ ಮುಂದೆ ಆ ಕಾಲಂನಲ್ಲಿ ಸೊನ್ನೆ ಹಾಕಿದವನು ನಾನೇ. 2025ರ ಮಾರ್ಚ್ ಮೊದಲ ವಾರ ದೇಣಿಗೆ ಕೊಡುವ ಕಂಪನಿಯವರು ಫೀಲ್ಡ್ ವಿಸಿಟ್‌ಗೆ ಬಂದರು. ಆ ಸೊನ್ನೆಯನ್ನು ಅದೇ ಕೇರಿಯ ಹೆಂಗಸರೆದುರು ಗಟ್ಟಿಯಾಗಿ ಓದಿದರು. ಈಗಲೂ ಆ ಶೀಟು ತೆರೆದಾಗಲೆಲ್ಲ ಆ ಮಧ್ಯಾಹ್ನ ಕಣ್ಣ ಮುಂದೆ ಬರುತ್ತದೆ.

ಮಾರ್ಚ್ ಅಂದರೆ ನಮ್ಮಲ್ಲಿ ಯಾರಿಗೂ ಉಸಿರಾಡಲು ಪುರುಸೊತ್ತಿರುವುದಿಲ್ಲ. ಸಿ.ಎಸ್.ಆರ್. (ಕಂಪನಿಗಳ ಸಾಮಾಜಿಕ ಹೊಣೆಯ) ದುಡ್ಡು ವರ್ಷದೊಳಗೆ ಖರ್ಚಾಗಬೇಕು, ಯು.ಸಿ. (ದುಡ್ಡು ಬಳಸಿದ ಪ್ರಮಾಣಪತ್ರ) ಹೋಗಬೇಕು, ಫೋಟೋಗಳಿಗೆ ಜಾಗ ತೋರಿಸುವ ಜಿಯೋಟ್ಯಾಗ್ ಆಗಬೇಕು. ಸಿದ್ದಿ ಮಕ್ಕಳ ಹೈಸ್ಕೂಲು, ಪಿಯುಸಿ ಓದಿಗೆ ಹೆಂಗಸರ ಸ್ವಸಹಾಯ ಸಂಘಗಳ ಮೂಲಕ ಒಂದು ನಿಧಿ ಕಟ್ಟುವ ಪ್ರಸ್ತಾವನೆ ನನ್ನ ತಲೆ ಮೇಲಿತ್ತು. ಪಿಪಿಟಿಗೆ ನಾಲ್ಕು ರಾತ್ರಿ ಕೂತಿದ್ದೆ. ಪೂರ್ವ ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರು ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದ್ದು, ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು, ಆಫ್ರಿಕನ್ ಮೂಲದ ಜನರಿಗಾಗಿ ವಿಶ್ವಸಂಸ್ಥೆ 2015ರಿಂದ 2024ರವರೆಗೆ ಒಂದು ದಶಕವನ್ನೇ ಮೀಸಲಿಟ್ಟಿದ್ದು ಎಲ್ಲ ಇತ್ತು. ಗುಜರಾತಿನ ಜಂಬೂರಿನಲ್ಲಿ ಸಿದ್ದಿ ಹೆಂಗಸರನ್ನು ಒಟ್ಟುಗೂಡಿಸಿ, ಮಕ್ಕಳ ಓದಿಗಾಗಿ ದುಡಿದು 2023ರಲ್ಲಿ ಪದ್ಮಶ್ರೀ ಪಡೆದ ಹೀರಾಬಾಯಿ ಲೋಬಿಯವರ ಫೋಟೋ ಕೊನೆಯ ಸ್ಲೈಡಿನಲ್ಲಿತ್ತು.

ಆ ಭೇಟಿಗೆ ಮೂರು ತಿಂಗಳ ಮೊದಲು ಸಂಘದ ಮೊದಲನೇ ಪ್ರತಿನಿಧಿ ಅಕ್ಕ ನನ್ನ ಕೈಗೆ ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟಿದ್ದರು. ಅದು ಉಳಿತಾಯ, ಸಾಲದ ಪುಸ್ತಕ ಅಲ್ಲ. ಕೇರಿಯವರು ‘ಕಷ್ಟದ ರೊಕ್ಕ’ ಅಂತ ಕರೆಯುವ ಲೆಕ್ಕ. ಒಂದು ಪುಟ ನನಗೆ ಹಾಗೇ ನೆನಪಿದೆ: ಹೆರಿಗೆಗೆ ಜೀಪು 600. ಮಾಡು ಹೊದಿಸಲು 4 ಆಳು. ಬಾಣಂತಿ ಮನೆಗೆ ಅಕ್ಕಿ 5 ಸೇರು. ಜಾತಿ ಪ್ರಮಾಣಪತ್ರಕ್ಕೆ ತಹಶೀಲ್ದಾರ್ ಕಚೇರಿಗೆ ಇಬ್ಬರ ಬಸ್ ಚಾರ್ಜು. ಕೌದಿ ಮಾರಿದ್ದರಲ್ಲಿ 200 ಜಮಾ. ಕೊಟ್ಟವರ ಹೆಸರುಗಳಲ್ಲಿ ಹಿಂದೂ, ಕ್ರಿಶ್ಚಿಯನ್, ಮುಸ್ಲಿಂ ಮೂರೂ ಇದ್ದವು, ಒಂದೇ ಕೇರಿಯ ಬಳಗ. ಎರಡು ಪುಟ ತಿರುವಿ, ವೋಚರ್ ಇಲ್ಲ, ಅಕ್ಕಿ ಆಳು ಎಲ್ಲ ಶೀಟಿನಲ್ಲಿ ಕೂರುವುದಿಲ್ಲ ಅಂತ ಬ್ಯಾಗಿಗೆ ಹಾಕಿಕೊಂಡೆ. ಸೊನ್ನೆ ಹಾಕಿ ಅಪ್‌ಲೋಡ್ ಮಾಡಿದೆ.

ಸಭೆ ಅಂಗನವಾಡಿಯ ಜಗಲಿ ಮೇಲೆ. ಅಕ್ಕ ಹೊಲಿಯುತ್ತಲೇ ಕೂತಿದ್ದರು. ಹಳೇ ಸೀರೆ, ಅಂಗಿ, ಲಂಗದ ತುಂಡುಗಳು. ಅವರು ಕೌದಿಯನ್ನು ಅಂಚಿನಿಂದ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗೆ ಮಡಚಿದ ಬಣ್ಣದ ಬಟ್ಟೆಯ ಹೂವು ಕೂರಿಸುತ್ತಾರೆ. ಅವತ್ತು ಹೂವು ಕೂರಿಸುತ್ತಿದ್ದರು. ಕಂಪನಿಯ ಅಧಿಕಾರಿ ಲ್ಯಾಪ್‌ಟಾಪ್ ನೋಡಿ, “ವಂತಿಕೆ ಸೊನ್ನೆ ಅಂತಿದೆಯಲ್ಲ. ಇವರು ತಾವಾಗಿ ಏನೂ ಹಾಕದಿದ್ದರೆ ನಾವು ಕೊಟ್ಟದ್ದು ಎಷ್ಟು ದಿನ ಉಳಿಯುತ್ತೆ?” ಅಂದರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಅವರ ಮುಂದಿದ್ದದ್ದು ನಾನು ಕೊಟ್ಟ ಅಂಕಿ.

ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ನನ್ನ ಕಡೆ ನೋಡಿದರು. “ಪುಸ್ತಕ ನಿಮ್ಮ ಹತ್ರಾನೇ ಐತಲ್ರಿ ಸರ?”

ಇತ್ತು. ನನ್ನ ಕಾಲ ಬಳಿಯ ಬ್ಯಾಗಿನಲ್ಲೇ ಇತ್ತು, ಹಾಜರಾತಿ ರಿಜಿಸ್ಟರಿನ ಕೆಳಗೆ. ಕೈ ಜಿಪ್‌ವರೆಗೆ ಹೋಗಿ ನಿಂತಿತು. ಪುಸ್ತಕ ತೆಗೆದರೆ ಅಪ್‌ಲೋಡ್ ಆದ ಅಂಕಿ ಸುಳ್ಳಾಗುತ್ತದೆ. ಪಕ್ಕದಲ್ಲಿ ಮ್ಯಾನೇಜರ್ ಇದ್ದಾರೆ. ಫೈಲು ವಾಪಸು ಬಂದರೆ ಮಾರ್ಚ್ ಮುಗಿದು ಮಕ್ಕಳ ದುಡ್ಡೇ ಹೋದೀತು. ನನ್ನ ಹೆದರಿಕೆಗೆ ಮಕ್ಕಳ ಹೆಸರು ಕೊಟ್ಟುಕೊಂಡೆ. ಹಿತ್ತಲಿನಲ್ಲಿ ಕೋಳಿ ಕೆದರುವ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಹೆಂಗಸರೆಲ್ಲ ನನ್ನ ಬ್ಯಾಗನ್ನೇ ನೋಡುತ್ತಿದ್ದರು.

“ಅದು ಬೇರೆ ಲೆಕ್ಕ ಅಕ್ಕ, ಆಮೇಲೆ ನೋಡೋಣ,” ಅಂದೆ.

“ಹೌದ್ರಿ, ಬೇರೆ ಲೆಕ್ಕ,” ಅಂದು ಅವರು ಮತ್ತೆ ಸೂಜಿ ಹಿಡಿದರು. ಆಮೇಲೆ ಸಭೆ ಮುಗಿಯುವ ತನಕ ಒಂದು ಮಾತೂ ಆಡಲಿಲ್ಲ.

ದುಡ್ಡು ಮಂಜೂರಾಯಿತು. ಆಫೀಸಿನಲ್ಲಿ ಪೇಡೆ ಹಂಚಿದರು. ಮುಂದಿನ ವಾರ ಕೇರಿಗೆ ಹೋದಾಗ ಅಕ್ಕ ಚಹಾ ಕೊಟ್ಟು, “ನಿಮಗ ಬ್ಯಾಡಾದ್ರೂ ಆ ಪುಸ್ತಕ ನಮಗ ಬೇಕ್ರಿ ಸರ,” ಅಂದರು. ಕ್ಷಮೆ ಕೇಳಿದೆ. ಆಗಲಿ ಅನ್ನುವ ಹಾಗೆ ತಲೆಯಾಡಿಸಿದರು, ಅಷ್ಟೇ.

ಹೀರಾಬಾಯಿಯವರ ಫೋಟೋ ಹುಡುಕಲು ಒಂದು ರಾತ್ರಿ ಕಳೆದವನು, ಅದೇ ಕೆಲಸ ಮಾಡುತ್ತ ನನ್ನೆದುರು ಕೂತಿದ್ದವರ ಪುಸ್ತಕವನ್ನು ಎರಡೇ ಪುಟಕ್ಕೆ ಮುಚ್ಚಿದ್ದೆ. ದಾನ ಅಂದರೆ ಬೆಂಗಳೂರಿನಿಂದ ಹಳಿಯಾಳಕ್ಕೆ ಬರುವ ದುಡ್ಡು ಎಂದೇ ನನ್ನ ತಲೆಯಲ್ಲಿ ಕೂತಿತ್ತು. ನಾವು ಬರುವ ಮೊದಲೇ ಆ ಕೇರಿ ತನ್ನವರನ್ನು ತಾನೇ ಸಾಕುತ್ತಿತ್ತು.

ಆಮೇಲೆ ಮ್ಯಾನೇಜರ್ ಜೊತೆ ಎರಡು ತಿಂಗಳು ಜಗ್ಗಾಡಿದೆ. 2024-25ರ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ, ಅದೇ ದರದಲ್ಲಿ ಆಳು ಲೆಕ್ಕ ಹಿಡಿಯೋಣ ಅಂದೆ. 22 ಆಳಿಗೇ 7,678 ಆಗುತ್ತಿತ್ತು. ವೋಚರ್ ಎಲ್ಲಿ ಅಂತ ಅಕೌಂಟ್ಸ್‌ನವರು ಹಿಡಿದು ಕೂತರು. ಕೊನೆಗೆ ಸಂಘದ ನಿರ್ಣಯ ಪುಸ್ತಕದ ಸಹಿ, ಹೆಬ್ಬೆಟ್ಟು ಸಾಕು ಅಂತಾಯಿತು. ಆ ಶೀಟು ಮಾತ್ರ ಈಗಲೂ ಅಕ್ಕಿ ಅಂತ ಬರೆದರೆ ಕೆಂಪಗಾಗುತ್ತದೆ. ರೂಪಾಯಿಗೆ ತಿರುಗಿಸಿಯೇ ತುಂಬಬೇಕು.

ಈಗ ಪ್ರತಿ ಮೂರು ತಿಂಗಳಿಗೊಮ್ಮೆ ಅಕ್ಕನ ಜಗಲಿಯಲ್ಲಿ ಕೂರುತ್ತೇನೆ. ಅವರು ಓದುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಕಳೆದ ಸಲ ಖಾನಾಪುರ ಕಡೆಯ ಸಿದ್ದಿ ಕೇರಿಯೊಂದರಲ್ಲಿ ಮನೆ ಸುಟ್ಟವರಿಗೆ 500 ಮತ್ತು ಎರಡು ಕೌದಿ ಕಳಿಸಿದ್ದನ್ನು ಓದಿದರು. ನಮ್ಮ ಪ್ರಾಜೆಕ್ಟ್ ಅಲ್ಲಿಗೆ ಇನ್ನೂ ಹೋಗಿಲ್ಲ. ಪುಸ್ತಕವನ್ನು ಅವರು ನನ್ನ ಕೈಗೆ ಕೊಡುವುದಿಲ್ಲ. ನಾನೂ ಕೇಳಿಲ್ಲ.