ಬಾವುಟ ಹಾರಿದ ಮೇಲೆ ಜಗಳ ಯಾರ ಜೊತೆ?

ಸ್ವಲ್ಪ ದಿನದಿಂದ ಪೂರ್ವ ತಿಮೋರ್ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. ಈಗಿನ ಹೆಸರು ತಿಮೋರ್-ಲೆಸ್ಟೆ. ಇಂಡೋನೇಷ್ಯಾದ ಪೂರ್ವ ಭಾಗದ ದ್ವೀಪಗಳ ಮಧ್ಯೆ, ಆಸ್ಟ್ರೇಲಿಯಾಕ್ಕೆ ಮೇಲ್ಗಡೆ, ಒಂದು ದ್ವೀಪದ ಅರ್ಧ. 2022ರ ಜನಗಣತಿ ಪ್ರಕಾರ ಜನ ಹದಿಮೂರು ಲಕ್ಷ ಚಿಲ್ಲರೆ, ಅಷ್ಟೇ. ನನ್ನನ್ನು ಹಿಡಿದು ಕೂರಿಸಿದ್ದು ಅಲ್ಲಿನ ಯುದ್ಧದ ಕಥೆಯಲ್ಲ. ಯುದ್ಧ ಮುಗಿದ ಮೇಲೆ ಅಲ್ಲಿನ ಮಾನವ ಹಕ್ಕು ಸಂಘಟನೆಯವರಿಗೆ ಏನಾಯಿತು ಅನ್ನೋ ಕಥೆ.

ಹಿನ್ನೆಲೆ ಬೇಗ ಹೇಳಿಬಿಡ್ತೀನಿ. ಪೋರ್ಚುಗೀಸರು ನೂರಾರು ವರ್ಷ ಆಳಿದರು. 1975ರ ನವೆಂಬರ್ 28ಕ್ಕೆ ಸ್ವಾತಂತ್ರ್ಯ ಘೋಷಣೆ ಆಯಿತು, ಡಿಸೆಂಬರ್ 7ಕ್ಕೆ ಇಂಡೋನೇಷ್ಯಾ ಸೈನ್ಯ ಬಂದಿಳಿಯಿತು. ಮುಂದೆ 24 ವರ್ಷ ಅದರದ್ದೇ ಆಳ್ವಿಕೆ. 1999ರ ಆಗಸ್ಟ್ 30ರಂದು ವಿಶ್ವಸಂಸ್ಥೆ ಜನಮತ ಸಂಗ್ರಹ ನಡೆಸಿದಾಗ ಶೇ. 78.5ರಷ್ಟು ಜನ ಬೇರೆ ದೇಶವೇ ಬೇಕು ಅಂದರು. ಆ ಸಿಟ್ಟಿಗೆ ಸೈನ್ಯದ ಬೆಂಬಲವಿದ್ದ ಮಿಲಿಷಿಯಾಗಳು, ಅಂದರೆ ಸ್ಥಳೀಯ ಸಶಸ್ತ್ರ ಗುಂಪುಗಳು, ಊರೂರಿಗೆ ಬೆಂಕಿ ಹಚ್ಚಿದವು. ಆಮೇಲೆ ಅಂತರರಾಷ್ಟ್ರೀಯ ಪಡೆ, ವಿಶ್ವಸಂಸ್ಥೆಯ ಆಡಳಿತ, ಕೊನೆಗೆ 2002ರ ಮೇ 20ಕ್ಕೆ ಸ್ವತಂತ್ರ ದೇಶ. ಸಂಘರ್ಷದಿಂದ ಸತ್ತವರು ಕಡಿಮೆ ಅಂದರೂ 1,02,800 ಅಂತ ಅಲ್ಲಿನ ಸತ್ಯಶೋಧನಾ ಆಯೋಗದ ಅಂದಾಜು. ಅದರಲ್ಲಿ ಗುಂಡಿಗೆ, ಕತ್ತಿಗೆ ಸಿಕ್ಕವರಿಗಿಂತ ಹಸಿವಿಗೆ, ಕಾಯಿಲೆಗೆ ಹೋದವರೇ ತುಂಬಾ ಜಾಸ್ತಿ.

ಯಾಯಾಸಾನ್ ಹಾಕ್ ಅನ್ನೋ ಮಾನವ ಹಕ್ಕು ಸಂಘಟನೆ ಹುಟ್ಟಿದ್ದು 1996ರಲ್ಲಿ, ರಾಜಧಾನಿ ದಿಲಿಯಲ್ಲಿ, ಇಂಡೋನೇಷ್ಯಾ ಆಳ್ವಿಕೆ ಗಟ್ಟಿಯಾಗಿ ಕೂತಿದ್ದ ಕಾಲದಲ್ಲೇ. ಕೆಲವು ವಕೀಲರು, ಒಂದಷ್ಟು ಹುಡುಗ ಹುಡುಗಿಯರು. ರಾಜಕೀಯ ಕೈದಿಗಳ ಪರ ಇಂಡೋನೇಷ್ಯಾದ ಕೋರ್ಟಿನಲ್ಲೇ ವಾದ ಮಾಡುವುದು, ಯಾರನ್ನು ಎತ್ತಿಕೊಂಡು ಹೋದರು, ಎಲ್ಲಿಟ್ಟು ಹೊಡೆದರು ಅಂತ ಬರೆದಿಡುವುದು, ಅದನ್ನು ಹೊರಗಿನ ಲೋಕಕ್ಕೆ ಮುಟ್ಟಿಸುವುದು. 1999ರ ಸೆಪ್ಟೆಂಬರಿನಲ್ಲಿ ಅವರ ಕಚೇರಿ ಮೇಲೂ ದಾಳಿ ಆಯಿತು. ಜೀವ ಕೈಯಲ್ಲಿ ಹಿಡಿದು ಮಾಡುವ ಕೆಲಸ ಅದು. ಆದರೆ ಒಂದು ಅನುಕೂಲ ಇತ್ತು ನೋಡಿ: ಹೊಡೆಯುವವರು ಯಾರು ಅಂತ ಯಾರಿಗೂ ಅನುಮಾನ ಇರಲಿಲ್ಲ. ಊರಿಡೀ ಒಂದೇ ಕಡೆ ಇತ್ತು ಅಂತ ಹೇಳೋಕಾಗಲ್ಲ, ಆದರೂ ಇವರ ಕಡೆ ಯಾವುದು ಅಂತ ಎಲ್ಲರಿಗೂ ಗೊತ್ತಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಆ ಅನುಕೂಲವೇ ಹೋಯಿತು. ಈಗ ಪೊಲೀಸ್ ನಮ್ಮವನೇ. ಮಂತ್ರಿ ನಮ್ಮವನೇ, ಅದೂ ಕಾಡಿನಲ್ಲಿದ್ದು ಹೋರಾಡಿ ಬಂದವನು. ಚಿಕ್ಕ ದೇಶ ಬೇರೆ, ಎಲ್ಲರಿಗೂ ಎಲ್ಲರೂ ಗೊತ್ತು. ಹಾಕ್ ಕಟ್ಟಿದವರಲ್ಲಿ ಒಬ್ಬರು ಅನಿಸೆಟೊ ಗುಟೆರಸ್ ಲೋಪೆಸ್ ಅನ್ನೋ ವಕೀಲರು. ಅವರೇ ಮುಂದೆ ಸತ್ಯಶೋಧನಾ ಆಯೋಗದ ಅಧ್ಯಕ್ಷರಾದರು. 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2017ರಲ್ಲಿ ಪಾರ್ಲಿಮೆಂಟಿನ ಅಧ್ಯಕ್ಷರೂ ಆದರು. ಯಾರನ್ನು ಕಾಯಬೇಕೋ ಅವರ ಪಕ್ಕ ಕೂತಿದ್ದವರು, ಯಾರನ್ನು ಕೇಳಬೇಕೋ ಅವರ ಕುರ್ಚಿಗೇ ಹೋಗಿ ಕೂತರು. ಅದು ತಪ್ಪು ಅಂತ ನಾನು ಹೇಳುತ್ತಿಲ್ಲ, ಯಾರಾದರೂ ದೇಶ ನಡೆಸಲೇಬೇಕಲ್ವಾ. ಆದರೆ ಸಂಘಟನೆಯಲ್ಲಿ ಉಳಿದವರ ಪಾಡು ಯೋಚಿಸಿ. ನಾಳೆ ಪ್ರತಿಭಟನೆಗೆ ಹೋದರೆ ಎದುರಿಗೆ ನಿಂತಿರುವವರು ಹಳೇ ಗೆಳೆಯರೇ.

ಆ ಆಯೋಗದ ಕೆಲಸ ಹಳ್ಳಿಯಲ್ಲಿ ಹೇಗೆ ನಡೆಯಿತು ಅನ್ನೋದು ನನಗೆ ತುಂಬಾ ಹಿಡಿಸಿದ ಭಾಗ. ಅಲ್ಲಿ ಜಗಳ ಬಗೆಹರಿಸೋಕೆ ಒಂದು ಹಳೆಯ ಪದ್ಧತಿ ಇದೆ. ದೊಡ್ಡದೊಂದು ಚಾಪೆ ಹಾಸುತ್ತಾರೆ. ಹಿರಿಯರು ಬಂದು ಕೂರುತ್ತಾರೆ. ವೀಳ್ಯದೆಲೆ ಅಡಿಕೆ ಹಂಚುತ್ತಾರೆ (ಹೌದು, ಅಲ್ಲೂ ಎಲೆ ಅಡಿಕೆ ಇಲ್ಲದೆ ಯಾವ ಮಾತೂ ಶುರುವಾಗಲ್ಲ). ಮಾತು ಮುಗಿಯೋವರೆಗೆ ಚಾಪೆ ಸುತ್ತೋ ಹಾಗಿಲ್ಲ. ಆಯೋಗ ಈ ಪದ್ಧತಿಯನ್ನೇ ತೆಗೆದುಕೊಂಡು ಅದಕ್ಕೊಂದು ಕಾನೂನಿನ ಚೌಕಟ್ಟು ಹಾಕಿತು. ಮನೆ ಸುಟ್ಟವನು, ದನ ಕದ್ದವನು, ಮಿಲಿಷಿಯಾ ಜೊತೆ ಸೇರಿ ನೆರೆಯವರಿಗೆ ಹೊಡೆದವನು ಮೊದಲು ಹೇಳಿಕೆ ಬರೆದುಕೊಡಬೇಕು. ಅದು ದಿಲಿಗೆ ಹೋಗುತ್ತದೆ. ಕೊಲೆ, ಅತ್ಯಾಚಾರದಂಥ ದೊಡ್ಡ ಅಪರಾಧ ಅದರಲ್ಲಿಲ್ಲ ಅಂತ ಪ್ರಾಸಿಕ್ಯೂಟರ್ ಕಚೇರಿಯವರು ನೋಡಿ ಕಳಿಸುತ್ತಾರೆ. ಆಮೇಲೆ ಊರ ಮುಂದೆ, ಚಾಪೆಯ ಮೇಲೆ, ಅವನು ಬಾಯಿಬಿಟ್ಟು ಹೇಳಬೇಕು. ಮನೆ ಕಳೆದುಕೊಂಡವರು ಪ್ರಶ್ನೆ ಕೇಳುತ್ತಾರೆ. ಯಾರು ಹೇಳಿದ್ದಕ್ಕೆ ಮಾಡಿದೆ? ಆ ದಿನ ನನ್ನ ತಮ್ಮನನ್ನು ಕೊನೆಗೆ ನೋಡಿದ್ದು ಎಲ್ಲಿ? ಕೊನೆಗೆ ಒಂದು ಒಪ್ಪಂದ: ಕ್ಷಮೆ ಕೇಳುವುದು, ಒಂದಷ್ಟು ದಿನ ಊರಿನ ಕೆಲಸ ಮಾಡಿಕೊಡುವುದು, ಇಲ್ಲ ಏನಾದರೂ ಪರಿಹಾರ ಕೊಡುವುದು. ಅದನ್ನು ಕೋರ್ಟಿನಲ್ಲಿ ದಾಖಲು ಮಾಡುತ್ತಾರೆ. ಹೀಗೆ 1371 ಜನ ಊರಿಗೆ ವಾಪಸ್ ಸೇರಿಕೊಂಡರು.

ಇದನ್ನು ಓದಿ ಹೊರಗಿನವರು ತಲೆದೂಗುತ್ತಾರೆ. ನಾನೂ ತಲೆದೂಗಿದೆ. ಆದರೆ ಹಳ್ಳಿಯಲ್ಲಿ ಕೆಲಸ ಮಾಡುವವರಿಗೆ ಆ ಚಾಪೆಯ ಇನ್ನೊಂದು ಮಗ್ಗುಲೂ ಗೊತ್ತು. ಗಂಡ ಹೊಡೆದ ಅಂತ ಹೆಂಗಸು ಬಂದರೂ ಅದೇ ಚಾಪೆ. ಎರಡೂ ಮನೆಯವರು ಕೂತು, ಪ್ರಾಣಿಯನ್ನೋ ದುಡ್ಡನ್ನೋ ಆಚೆ ಈಚೆ ಕೊಟ್ಟು ತೆಗೆದುಕೊಂಡು, ಮನೆಗೆ ಹೋಗಮ್ಮ ಅನ್ನುತ್ತಾರೆ. ಮಾತಾಡುವವರೆಲ್ಲ ಗಂಡಸರೇ. 2010ರಲ್ಲಿ ಕೌಟುಂಬಿಕ ಹಿಂಸೆ ವಿರುದ್ಧ ಕಾನೂನು ಬಂತು. ಅದರ ಪ್ರಕಾರ ಇದು ಮನೆ ವಿಷಯ ಅಲ್ಲ, ಅಪರಾಧ. ಹಿರಿಯರು ರಾಜಿ ಮಾಡಿಸಿಬಿಟ್ಟರು ಅಂತ ಕೇಸು ಮುಚ್ಚೋ ಹಾಗಿಲ್ಲ. ನಿನ್ನೆಯವರೆಗೆ ನಿಮ್ಮ ಸಂಪ್ರದಾಯ ಎಷ್ಟು ಒಳ್ಳೇದು ಅಂತ ಹೊಗಳಿದವರು ಇವತ್ತು ಹೋಗಿ ಈ ಒಂದು ವಿಷಯದಲ್ಲಿ ಚಾಪೆ ಹಾಸಬೇಡಿ ಅನ್ನಬೇಕು. ಗ್ರಾಮದ ಮುಖ್ಯಸ್ಥನಿಗೆ ಅದನ್ನು ಅವನು ಮುನಿಸಿಕೊಳ್ಳದ ಹಾಗೆ ಹೇಳುವುದಿದೆಯಲ್ಲ, ವರದಿ ಬರೆಯೋದಕ್ಕಿಂತ ಅದು ಕಷ್ಟದ ಕೆಲಸ ಅಂತ ನನ್ನ ಅನಿಸಿಕೆ.

ಕೋರ್ಟಿಗೆ ಹೋದರೆ ಎಲ್ಲ ಸರಿಹೋಯಿತು ಅಂತಲೂ ಅಲ್ಲ. ದೇಶದ ಅಧಿಕೃತ ಭಾಷೆಗಳು ತೆತುಮ್ ಮತ್ತು ಪೋರ್ಚುಗೀಸ್. ಕಾನೂನು ಇರುವುದು ಬಹುಪಾಲು ಪೋರ್ಚುಗೀಸಿನಲ್ಲಿ. ಪೂರ್ವದ ಹಳ್ಳಿಯ ಹೆಂಗಸಿಗೆ ಬರುವುದು ಮಕಸಾಯ್ ಅಥವಾ ಫತಾಲುಕು. ಜಡ್ಜ್ ಪೋರ್ಚುಗೀಸಿನಲ್ಲಿ ಹೇಳಿದ್ದು ತೆತುಮ್‌ಗೆ ಬಂದು, ಅಲ್ಲಿಂದ ಅವಳ ಭಾಷೆಗೆ ಬರುವ ಹೊತ್ತಿಗೆ ಎಷ್ಟು ಉಳಿದಿರುತ್ತದೋ ದೇವರಿಗೇ ಗೊತ್ತು. ಇಂಥ ಕೇಸುಗಳಲ್ಲಿ ಶಿಕ್ಷೆಯನ್ನು ಅಮಾನತಿನಲ್ಲಿಡುವುದು ಮಾಮೂಲು. ಹೊಡೆದವನು ಅದೇ ಗಾಡಿಯಲ್ಲಿ ಊರಿಗೆ ವಾಪಸ್ ಬಂದರೆ ಅವಳಿಗೆ ಏನನಿಸಬೇಕು? ಕೇಸು ಸೋತೆ ಅಂತಲೇ ಅನಿಸುತ್ತದೆ. ಹಾಗಲ್ಲ, ಮತ್ತೆ ಕೈ ಎತ್ತಿದರೆ ಅವನು ಒಳಗೆ ಹೋಗುತ್ತಾನೆ, ನೀನು ಬಂದು ಹೇಳಬೇಕು ಅಂತ ಪಕ್ಕ ಕೂತು ವಿವರಿಸುವವರು ಬೇಕು. ಕೋರ್ಟುಗಳ ಮೇಲೆ ಕಣ್ಣಿಡೋಕೆ ಅಂತಲೇ 2001ರಲ್ಲಿ ಜೆಎಸ್‌ಎಂಪಿ ಅನ್ನೋ ಸಂಸ್ಥೆ ಶುರುವಾಯಿತು. ಹೆಂಗಸರ ಪರ 1997ರಿಂದಲೇ ಫೊಕುಪೆರ್ಸ್ ಅನ್ನೋ ಸಂಘಟನೆ ಇದೆ. ಮೇಲಿನಿಂದ ನೋಡಿದರೆ ಸಣ್ಣ ಕೆಲಸ ಅನ್ನಿಸಬಹುದು. ನನಗೆ ಹಾಗೆ ಕಾಣಲ್ಲ.

ಈಗ ಸುವಾಯ್ ಕಥೆಗೆ ಬರ್ತೀನಿ. ಇದನ್ನು ಹೇಳೋಕೇ ಇಷ್ಟೆಲ್ಲ ಬರೆದೆ ಅಂದರೂ ಸರಿಯೇ.

ಸುವಾಯ್ ನೈಋತ್ಯ ಮೂಲೆಯಲ್ಲಿ, ಇಂಡೋನೇಷ್ಯಾ ಗಡಿಗೆ ಹತ್ತಿರ ಇರುವ ಪಟ್ಟಣ. 1999ರ ಸೆಪ್ಟೆಂಬರ್ 6ರಂದು ಅಲ್ಲಿನ ಚರ್ಚಿನಲ್ಲಿ ಆಶ್ರಯ ಪಡೆದಿದ್ದ ಜನರ ಮೇಲೆ ಮಿಲಿಷಿಯಾ ನುಗ್ಗಿತು. ಮೂವರು ಪಾದ್ರಿಗಳೂ ಹತ್ತಾರು ಜನರೂ ಸತ್ತರು. ಕೆಲವು ಹೆಣಗಳನ್ನು ಗಡಿಯಾಚೆ ಒಯ್ದು ಹೂತರು. ಈ ಹತ್ಯಾಕಾಂಡದಲ್ಲಿ ಆರೋಪಪಟ್ಟಿ ಹಾಕಿಸಿಕೊಂಡಿದ್ದವರಲ್ಲಿ ಮಾರ್ಟೆನುಸ್ ಬೆರೆ ಅನ್ನೋ ಮಿಲಿಷಿಯಾ ನಾಯಕನೂ ಒಬ್ಬ. ಗಡಿಯಾಚೆ ಆರಾಮಾಗಿದ್ದ. 2009ರ ಆಗಸ್ಟಿನಲ್ಲಿ ಈಚೆ ಬಂದ. ಜನ ಗುರುತು ಹಿಡಿದರು, ಪೊಲೀಸರಿಗೆ ಒಪ್ಪಿಸಿದರು. ಕೋರ್ಟು ಬಂಧನದಲ್ಲಿಡಿ ಅಂತ ಆದೇಶ ಮಾಡಿತು.

ಇಲ್ಲಿಯವರೆಗೆ ಎಲ್ಲ ಸರಿಯಾಗೇ ನಡೆದಿದೆ ನೋಡಿ. ಹತ್ತು ವರ್ಷ ಹಾಕ್‌ನಂಥ ಸಂಘಟನೆಗಳು ಊರೂರು ಸುತ್ತಿ ಹೇಳಿದ್ದು ಇದನ್ನೇ ಅಲ್ವಾ? ಸೇಡು ಬೇಡ, ಕಾನೂನಿಗೆ ಒಪ್ಪಿಸಿ ಅಂತ. ಜನ ಒಪ್ಪಿಸಿದರು. ಆಗಸ್ಟ್ 30ಕ್ಕೆ ಜನಮತದ ಹತ್ತನೇ ವರ್ಷದ ಸಮಾರಂಭ. ಇಂಡೋನೇಷ್ಯಾದ ವಿದೇಶಾಂಗ ಮಂತ್ರಿ ಬರಬೇಕಿತ್ತು, ಅವನನ್ನು ಬಿಡದಿದ್ದರೆ ಬರಲ್ಲ ಅಂದರು. ಅದೇ ದಿನ ಸರ್ಕಾರ ಅವನನ್ನು ಜೈಲಿನಿಂದ ತೆಗೆದು ಇಂಡೋನೇಷ್ಯಾದವರ ಕೈಗೆ ಕೊಟ್ಟಿತು. ಕೋರ್ಟಿನ ಅನುಮತಿ ಇಲ್ಲ, ಏನಿಲ್ಲ. ಇದರ ಮೇಲೆ ಪಾರ್ಲಿಮೆಂಟಿನಲ್ಲಿ ಅವಿಶ್ವಾಸ ನಿರ್ಣಯ ಬಂತು, ಬಿದ್ದೂ ಹೋಯಿತು. ಬಿಟ್ಟ ಮೇಲೆ ಸುವಾಯ್‌ಗೆ ಹೋಗಿ ಜನರಿಗೆ ಮುಖ ತೋರಿಸಬೇಕಾಗಿದ್ದು ಮಂತ್ರಿಗಳಲ್ಲ, ಇದೇ ಸಂಘಟನೆಗಳ ಕಾರ್ಯಕರ್ತರು. ಅವರು ಏನು ಹೇಳಿರಬಹುದು ಅಂತ ಯೋಚಿಸಿದರೆ ನನಗೆ ಮಾತೇ ಹೊಳೆಯಲ್ಲ.

ಸರ್ಕಾರದ ಕಡೆಯ ವಾದವನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. ಆಗ ಪ್ರಧಾನಿ ಷನಾನಾ ಗುಸ್ಮಾವ್, ಅಧ್ಯಕ್ಷ ಜೋಸೆ ರಾಮೋಸ್ ಹೋರ್ಟಾ. ಒಬ್ಬರು ಗೆರಿಲ್ಲಾ ಹೋರಾಟ ನಡೆಸಿ ಜಕಾರ್ತಾದ ಜೈಲಿನಲ್ಲಿ ಕೂತವರು, ಇನ್ನೊಬ್ಬರು ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು. ಹೋರ್ಟಾ ಅವರ ಒಡಹುಟ್ಟಿದವರೂ ಸತ್ತಿದ್ದಾರೆ, ಇವರಿಗೆ ನೋವು ಗೊತ್ತಿಲ್ಲ ಅನ್ನೋಕಾಗಲ್ಲ. ಸುತ್ತ ಇಂಡೋನೇಷ್ಯಾ ಇದೆ, ಸಾಮಾನು ಬಹಳಷ್ಟು ಅಲ್ಲಿಂದಲೇ ಬರಬೇಕು, ಅದರ ಜೊತೆ ಜಗಳ ಆಡಿಕೊಂಡು ಬದುಕೋಕಾಗಲ್ಲ ಅನ್ನೋದು ಅವರ ಲೆಕ್ಕ. ಲೆಕ್ಕ ಪೂರ್ತಿ ತಪ್ಪು ಅಂತ ನನಗೂ ಅನ್ನಿಸಲ್ಲ. ಆದರೆ ಊರಿನ ಸಣ್ಣ ಅಪರಾಧಿ ಚಾಪೆ ಮೇಲೆ ಕೂತು ಎಲ್ಲರ ಮುಂದೆ ತಪ್ಪೊಪ್ಪಿಕೊಂಡ. ಬೆಂಕಿ ಹಚ್ಚು ಅಂತ ಅವನಿಗೆ ಹೇಳಿದವರು ಗಡಿಯಾಚೆ ಬಡ್ತಿ, ಪಿಂಚಣಿ ತೆಗೆದುಕೊಂಡರು. 1999ರ ಹಿಂಸೆಗೆ ಆರೋಪಪಟ್ಟಿ ಬಿದ್ದವರು ನಾನೂರರ ಹತ್ತಿರ, ಅದರಲ್ಲಿ ಮುನ್ನೂರಕ್ಕೂ ಜಾಸ್ತಿ ಜನ ಇಂಡೋನೇಷ್ಯಾದಲ್ಲೇ ಉಳಿದರು. ಅಂತರರಾಷ್ಟ್ರೀಯ ನ್ಯಾಯಮಂಡಳಿ ಬೇಕು ಅಂತ ಹಾಕ್ ಮತ್ತು ಜೊತೆಯವರು ಒಕ್ಕೂಟ ಕಟ್ಟಿ ಕೇಳಿದರು. ಅದಕ್ಕೆ ಇದಿರಾಗಿ ನಿಂತದ್ದು ಅವರದೇ ಸರ್ಕಾರ.

ಪಿಂಚಣಿ ಅಂದೆನಲ್ಲ, ಅದೂ ಒಂದು ಗಾಯ. ಬಂದೂಕು ಹಿಡಿದು ಹೋರಾಡಿದವರಿಗೆ, ಅವರ ಮನೆಯವರಿಗೆ ಸರ್ಕಾರ ಮಾಜಿ ಹೋರಾಟಗಾರರ ಪಿಂಚಣಿ ಕೊಡುತ್ತದೆ, ಡಾಲರಿನಲ್ಲಿ (ಅಲ್ಲಿನ ಹಣ ಅಮೆರಿಕದ ಡಾಲರೇ). ಕೊಡಲಿ, ಕೊಡಲೇಬೇಕು. ಆದರೆ ಸೈನಿಕರ ಕೈಗೆ ಸಿಕ್ಕಿ ನರಳಿದ ಹೆಂಗಸು ಹೋರಾಟಗಾರ್ತಿ ಲೆಕ್ಕಕ್ಕೆ ಬರಲ್ಲ. ಅವಳು ಬರೀ ಸಂತ್ರಸ್ತೆ. ಅವಳಿಗೆ ಹುಟ್ಟಿದ ಮಗುವನ್ನು ಊರು ಹೇಗೆ ನೋಡಿತು ಅಂತ ಬೇರೆ ಹೇಳಬೇಕಿಲ್ಲ. ಇಂಥವರಿಗೆ ಪರಿಹಾರ ಕೊಡಿ ಅಂತ ಆಯೋಗದ ವರದಿ 2005ರಲ್ಲೇ ಹೇಳಿತ್ತು. ಏಳು ಸಾವಿರಕ್ಕೂ ಜಾಸ್ತಿ ಜನರ ಹೇಳಿಕೆ ತೆಗೆದುಕೊಂಡು ಮಾಡಿದ, ಎರಡೂವರೆ ಸಾವಿರ ಪುಟಕ್ಕೂ ಮೀರಿದ ವರದಿ ಅದು. 2010ರಲ್ಲಿ ಪರಿಹಾರ ಕಾನೂನಿನ ಕರಡು ಪಾರ್ಲಿಮೆಂಟಿಗೆ ಬಂತು. ಚರ್ಚೆ ಮುಂದೆ ಹೋಯಿತು. ಮತ್ತೆ ಮುಂದೆ ಹೋಯಿತು.

2025ರ ಸೆಪ್ಟೆಂಬರಿನಲ್ಲಿ ದಿಲಿಯಲ್ಲಿ ಕಾಲೇಜು ಹುಡುಗರು ಬೀದಿಗಿಳಿದರು. 65 ಸಂಸದರಿಗೂ ಹೊಸ ಕಾರು ಕೊಳ್ಳುವ ಯೋಜನೆ, ಜೊತೆಗೆ ಅವರಿಗೆ ಜೀವನಪೂರ್ತಿ ಪಿಂಚಣಿ, ಇದೇ ಅವರ ಸಿಟ್ಟಿಗೆ ಕಾರಣ. ಅಶ್ರುವಾಯು ಸಿಡಿಯಿತು. ಆ ಹುಡುಗರಲ್ಲಿ ಎಷ್ಟೋ ಜನ 2002ರ ಆಚೆಗೆ ಹುಟ್ಟಿದವರು, ಇಂಡೋನೇಷ್ಯಾ ಸೈನಿಕನನ್ನು ನೋಡಿದವರೇ ಅಲ್ಲ. ಅವರಿಗೆ ಗೊತ್ತಿರುವ ಸರ್ಕಾರ ಇದೊಂದೇ, ಹಾಗಾಗಿ ಹಳೇ ಗೆಳೆಯ ಅನ್ನೋ ಸಂಕೋಚ ಇಲ್ಲ. ನಾಲ್ಕಾರು ದಿನದಲ್ಲೇ ಸಂಸದರು ಕಾರು ಬೇಡ ಅಂದರು, ಎರಡು ವಾರದೊಳಗೆ ಪಿಂಚಣಿಯನ್ನೂ ರದ್ದು ಮಾಡೋಕೆ ಮತ ಹಾಕಿದರು. ಅಂದರೆ ಆ ಪಾರ್ಲಿಮೆಂಟಿಗೆ ಮನಸ್ಸಿದ್ದರೆ ಎರಡು ವಾರದೊಳಗೆ ಕೆಲಸ ಮಾಡೋಕೆ ಬರುತ್ತದೆ. 2010ರ ಕರಡು ಎಲ್ಲಿದೆ ಅಂತ ಈ ಹುಡುಗರೂ ಕೇಳೋಕೆ ಶುರು ಮಾಡಿದರೆ ಏನಾಗಬಹುದು ಅಂತ ನೋಡೋ ಆಸೆ ನನಗಿದೆ.