ಸೆಪ್ಟೆಂಬರ್‌ನ ಉತ್ಸವ, ಅಕ್ಟೋಬರ್‌ನ ಕನ್ನಡಕ

ನಮ್ಮ ಓದುಗರ ಬಳಗಕ್ಕೆ ಪ್ಯಾಲೆಸ್ಟೈನ್ ರೈಟ್ಸ್ ಎಂಬ ಸಾಹಿತ್ಯ ಉತ್ಸವದ ಬಗ್ಗೆ ಒಂದು ಪುಟದ ಪರಿಚಯ ಟಿಪ್ಪಣಿ ಬೇಕಿತ್ತು, ಅದನ್ನು ನಾನು ಬರೆದೆ. ಯಾರ ಕಡೆಗೂ ವಾಲಬಾರದು ಅನ್ನೋದು ಒಂದೇ ಷರತ್ತು. ಒಂದು ಪುಟಕ್ಕೆ ಇಷ್ಟು ಹೊತ್ತು ಬೇಕಾ ಅಂತ ಬಳಗದವರು ಕೇಳಿದರು. ಯಾಕೆ ಬೇಕು ಅಂತ ಇಲ್ಲಿ ಹೇಳುತ್ತೇನೆ.

ಮೊದಲು ಸುದ್ದಿ. 2023ರ ಸೆಪ್ಟೆಂಬರ್ 22ರಿಂದ 24ರವರೆಗೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಎಲ್ಲರೂ ಪೆನ್ ಅಂತ ಕರೆಯುವ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಈ ಉತ್ಸವ ನಡೆಯಿತು. ಇದರ ಮುಂದಾಳು ಕಾದಂಬರಿಕಾರ್ತಿ ಸೂಸನ್ ಅಬುಲ್ಹವಾ. ಉತ್ತರ ಅಮೆರಿಕದಲ್ಲಿ ಪ್ಯಾಲೆಸ್ತೀನಿ ಬರಹಗಾರರಿಗೆ ಅಂತಲೇ ಇರುವ ಉತ್ಸವ ತಮ್ಮದೊಂದೇ ಅನ್ನುವುದು ಆಯೋಜಕರ ಮಾತು. ಮೊದಲ ಸಲ 2020ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಸೇರಬೇಕಿತ್ತು, ಕೋವಿಡ್ ಬಂತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಆನ್‌ಲೈನ್‌ನಲ್ಲಿ ಮಾಡಿದರು. ಪೆನ್‌ನ ಕೆಲವು ವಿಭಾಗಗಳೂ ಕೈಜೋಡಿಸಿದ್ದವು. ಅಲ್ಲಿ ಅರಬ್ಬಿ ಸಾಹಿತ್ಯ ಕಲಿಸುವ ಹುದಾ ಫಖ್ರೆದ್ದೀನ್ ಆಯೋಜಕರಲ್ಲಿ ಒಬ್ಬರು.

ಇಲ್ಲಿಯವರೆಗೆ ಬರೆಯೋದು ಸುಲಭ.

ಉತ್ಸವ ಮುಗಿದ ಹದಿಮೂರು ದಿನಕ್ಕೆ ಅಕ್ಟೋಬರ್ 7 ಬಂತು. ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತರು, ಸುಮಾರು 250 ಜನರನ್ನು ಒತ್ತೆಯಾಳುಗಳಾಗಿ ಎಳೆದುಕೊಂಡು ಹೋದರು. ಆಮೇಲಿನ ಇಸ್ರೇಲಿನ ಯುದ್ಧದಲ್ಲಿ ಗಾಜಾದಲ್ಲಿ ಸತ್ತವರು ಹತ್ತಾರು ಸಾವಿರ. ಉತ್ಸವದ ಬಗ್ಗೆ ಈಗ ಓದಲು ಸಿಗುವ ಬರಹಗಳಲ್ಲಿ ತುಂಬಾ ಇದೆಲ್ಲ ಆದಮೇಲೆ ಬರೆದವು. ಬರೆದವರು ಯಾವ ಕಡೆಯವರೇ ಆಗಲಿ, ಸೆಪ್ಟೆಂಬರ್‌ನ ಮೂರು ದಿನಗಳನ್ನು ಅಕ್ಟೋಬರ್‌ನ ಕನ್ನಡಕ ಹಾಕಿಕೊಂಡೇ ನೋಡಿದ್ದಾರೆ.

ಒಂದು ಉದಾಹರಣೆ. ಮಾರ್ಕ್ ರೋವನ್ ಅಂತ, ಅಪೋಲೊ ಎಂಬ ದೊಡ್ಡ ಹಣಕಾಸು ಕಂಪನಿಯ ಸಿಇಒ, ಪೆನ್‌ನ ವಾರ್ಟನ್ ಬಿಸಿನೆಸ್ ಸ್ಕೂಲಿನ ಸಲಹಾ ಮಂಡಳಿಗೆ ಆಗ ಅಧ್ಯಕ್ಷರು. ಉತ್ಸವದಿಂದ ಇಸ್ರೇಲಿಗಳ ಹತ್ಯಾಕಾಂಡಕ್ಕೆ ಬರಲು ಎರಡು ವಾರವೂ ಹಿಡಿಯಲಿಲ್ಲ ಎಂಬ ಅರ್ಥದ ಮಾತು ಅಕ್ಟೋಬರ್‌ನಲ್ಲಿ ಅವರು ಬರೆದ ಲೇಖನದಲ್ಲಿದೆ. ವಿಶ್ವವಿದ್ಯಾಲಯದ ಅಧ್ಯಕ್ಷೆ ಲಿಜ್ ಮಗಿಲ್ ಮತ್ತು ಟ್ರಸ್ಟಿಗಳ ಮಂಡಳಿಯ ಅಧ್ಯಕ್ಷ ಸ್ಕಾಟ್ ಬಾಕ್ ಕೆಳಗಿಳಿಯುವವರೆಗೆ ದಾನಿಗಳು ಚೆಕ್ ಬುಕ್ ಮುಚ್ಚಿಡಿ, ಕಳಿಸಲೇಬೇಕು ಅಂದರೆ ಒಂದು ಡಾಲರ್ ಕಳಿಸಿ ಅಂತಲೂ ಕರೆ ಕೊಟ್ಟರು. ತಾರೀಕಿನ ಲೆಕ್ಕ ಸರಿಯಾಗಿಯೇ ಇದೆ. ಆದರೆ "ಅಲ್ಲಿಂದ ಇಲ್ಲಿಗೆ" ಅಂದ ಕೂಡಲೇ ಒಂದು ಇನ್ನೊಂದಕ್ಕೆ ಕಾರಣ ಅನ್ನುವ ಭಾವ ಬಂದುಬಿಡುತ್ತದೆ, ಅಲ್ವಾ? ಇದನ್ನು ಟಿಪ್ಪಣಿಯಲ್ಲಿ ಬಿಡಲಿಲ್ಲ, ಯಾಕೆಂದರೆ ಈ ಲೇಖನದ ಆಸುಪಾಸಿನಲ್ಲೇ ದೊಡ್ಡ ದೊಡ್ಡ ದಾನಿಗಳು ಪೆನ್‌ನಿಂದ ಕೈ ಹಿಂದೆ ತೆಗೆದರು. ಅದನ್ನು ರೋವನ್ ಅವರ ಮಾತು ಅಂತಲೇ, ಅವರ ಹೆಸರಿನಲ್ಲೇ ಹಾಕಿದ್ದೇನೆ. ನನ್ನ ವಾಕ್ಯದಲ್ಲಿ ಎರಡು ತಾರೀಕುಗಳನ್ನು ಸುಮ್ನೆ ಅಕ್ಕಪಕ್ಕ ಇಟ್ಟಿದ್ದರೂ ಅದೇ ಆರೋಪವನ್ನು ನಾನು ಸದ್ದಿಲ್ಲದೆ ಮಾಡಿದ ಹಾಗೆ ಆಗುತ್ತಿತ್ತು.

ತಿರುಗಿಸಿ ಹೇಳುವವರೂ ಇದ್ದಾರೆ. ದಾಳಿಯ ಸಿಟ್ಟಿನಲ್ಲಿ ಶ್ರೀಮಂತ ದಾನಿಗಳು ಹಳೇ ಉತ್ಸವವೊಂದನ್ನು ಕೆದಕಿ ತೆಗೆದರು ಅನ್ನುವ ಕಥೆ ಅದು. ಅದೂ ಸರಿಯಲ್ಲ. ಯಹೂದಿ ದ್ವೇಷದ ವಿರುದ್ಧ ಕೆಲಸ ಮಾಡುವ ಆಂಟಿ ಡಿಫಮೇಶನ್ ಲೀಗ್ ಎಂಬ ಸಂಸ್ಥೆ ಮತ್ತು ಫಿಲಡೆಲ್ಫಿಯಾದ ಯಹೂದಿ ಫೆಡರೇಶನ್ ಉತ್ಸವಕ್ಕೂ ಮೊದಲೇ ಆಕ್ಷೇಪ ಎತ್ತಿದ್ದವು. ಮಗಿಲ್ ಅವರ ಹೇಳಿಕೆ ಬಂದದ್ದು ಸೆಪ್ಟೆಂಬರ್ 12ಕ್ಕೆ. ಕೆಲವು ಭಾಷಣಕಾರರಿಗೆ ಯಹೂದಿಗಳನ್ನು ಹೀಗಳೆದ ಚರಿತ್ರೆ ಇದೆ, ಯಹೂದಿ ದ್ವೇಷವನ್ನು ಖಂಡಿಸುತ್ತೇವೆ ಅಂತ ಅದರಲ್ಲಿತ್ತು. ವಿಚಾರಗಳ ಮುಕ್ತ ವಿನಿಮಯವನ್ನೂ ಬೆಂಬಲಿಸುತ್ತೇವೆ, ನಮ್ಮ ಮೌಲ್ಯಗಳಿಗೆ ಹೊಂದದ ವಿಚಾರಗಳೂ ಅದರಲ್ಲಿ ಸೇರುತ್ತವೆ ಅಂತಲೂ ಇತ್ತು. ಉತ್ಸವವನ್ನು ತಡೆಯಲಿಲ್ಲ. ಈ ಹೇಳಿಕೆ ಯಾರಿಗೂ ಸಾಲಲಿಲ್ಲ. ವಿರೋಧಿಗಳಿಗೆ ಇದು ಮೆತ್ತಗಾಯಿತು. ಆಯೋಜಕರಿಗೆ ಮಾತ್ರ, ಇಸ್ರೇಲನ್ನು ಟೀಕಿಸುವುದಕ್ಕೂ ಯಹೂದಿ ದ್ವೇಷಕ್ಕೂ ಗಂಟು ಹಾಕಿ ತಮ್ಮ ಹೆಸರು ಕೆಡಿಸಿದ ಹಾಗೆ ಕಂಡಿತು.

ಇನ್ನು ಆಕ್ಷೇಪ ಏನು ಅನ್ನುವ ವಿಷಯ. ಇಲ್ಲಿ ಬಹಳ ಜನ "ಕೆಲವು ವಿವಾದಿತ ಅತಿಥಿಗಳು" ಅಂತ ಬರೆದು ಮುಂದೆ ಹೋಗುತ್ತಾರೆ. ನನಗೆ ಇದು ಸೋಮಾರಿತನ ಅನ್ನಿಸುತ್ತದೆ. ಓದುವವರಿಗೆ ಏನೂ ತಿಳಿಯೋದಿಲ್ಲ, ಅನುಮಾನ ಮಾತ್ರ ಉಳಿಯುತ್ತದೆ. ಹೆಸರು ಹೇಳಿ, ಏನು ಮಾಡಿದರು ಹೇಳಿ, ಅವರು ಕೊಟ್ಟ ಉತ್ತರವನ್ನೂ ಹೇಳಿ. ಅತಿಥಿಗಳಲ್ಲಿ ಒಬ್ಬರು, ಪಿಂಕ್ ಫ್ಲಾಯ್ಡ್ ಎಂಬ ರಾಕ್ ಬ್ಯಾಂಡಿನಲ್ಲಿದ್ದ ರೋಜರ್ ವಾಟರ್ಸ್, 2023ರ ಮೇ ತಿಂಗಳಲ್ಲಿ ಬರ್ಲಿನ್‌ನ ಕಾರ್ಯಕ್ರಮದಲ್ಲಿ ನಾಜಿ ಅಧಿಕಾರಿಯ ಸಮವಸ್ತ್ರ ಹೋಲುವ ಕಪ್ಪು ಕೋಟು ಹಾಕಿದ್ದರು, ಅಲ್ಲಿನ ಪೊಲೀಸರು ತನಿಖೆ ಶುರು ಮಾಡಿದರು. ಅದು ಫ್ಯಾಸಿಸಂ ವಿರುದ್ಧದ ವೇಷ, ಎಷ್ಟೋ ವರ್ಷದಿಂದ ಶೋನಲ್ಲಿದೆ ಅಂತ ವಾಟರ್ಸ್ ಉತ್ತರ. ಇನ್ನೊಬ್ಬ ಅತಿಥಿ, ಸಿಎನ್‌ಎನ್ ಟಿವಿಯಲ್ಲಿ ವ್ಯಾಖ್ಯಾನ ಮಾಡುತ್ತಿದ್ದ ಅಮೆರಿಕದ ಪ್ರಾಧ್ಯಾಪಕ ಮಾರ್ಕ್ ಲಮಾಂಟ್ ಹಿಲ್, 2018ರಲ್ಲಿ ವಿಶ್ವಸಂಸ್ಥೆಯಲ್ಲಿ ಮಾಡಿದ ಭಾಷಣವನ್ನು "ನದಿಯಿಂದ ಸಮುದ್ರದವರೆಗೆ" ಸ್ವತಂತ್ರ ಪ್ಯಾಲೆಸ್ಟೈನ್ ಎಂಬ ಮಾತಿನಿಂದ ಮುಗಿಸಿದರು (ಜೋರ್ಡನ್ ನದಿಯಿಂದ ಮೆಡಿಟರೇನಿಯನ್ ಸಮುದ್ರದವರೆಗಿನ ಆ ಜಾಗದಲ್ಲಿ ಇಸ್ರೇಲೂ ಇದೆ), ಸಿಎನ್‌ಎನ್ ಅವರನ್ನು ಕೆಲಸದಿಂದ ತೆಗೆಯಿತು. ಇಸ್ರೇಲನ್ನು ನಾಶ ಮಾಡಿ ಅಂತ ನಾನು ಹೇಳಿಲ್ಲ ಅನ್ನುವುದು ಹಿಲ್ ಅವರ ವಾದ. ಇಷ್ಟು ಹೇಳಿದರೆ ಓದುವವರೇ ತೂಗಿ ನೋಡಬಹುದು. ಕೊನೆಯ ದಿನ ಸಂಜೆಗೆ ಯಹೂದಿಗಳ ಅತಿ ಪವಿತ್ರ ದಿನ ಯೋಮ್ ಕಿಪ್ಪುರ್ ಶುರುವಾಗುತ್ತಿತ್ತು, ಅದೂ ಹಲವರ ಬೇಸರಕ್ಕೆ ಕಾರಣ. ಅದನ್ನು ಒಂದು ಸಾಲಿನಲ್ಲಿ ಹೇಳಿದ್ದೇನೆ.

ಇನ್ನೊಂದು ಘಟನೆ ಎಲ್ಲಿ ಇಡಬೇಕು ಅಂತ ತುಂಬಾ ಯೋಚನೆ ಆಯಿತು. ಉತ್ಸವದ ಹಿಂದಿನ ದಿನ ಬೆಳಿಗ್ಗೆ ಕ್ಯಾಂಪಸ್ಸಿನ ಯಹೂದಿ ವಿದ್ಯಾರ್ಥಿಗಳ ಕೇಂದ್ರ ಹಿಲೆಲ್‌ಗೆ ಒಬ್ಬ ನುಗ್ಗಿ, ಯಹೂದಿಗಳನ್ನು ಬಯ್ಯುತ್ತಾ ಸಾಮಾನು ಕೆಡವಿದ. ಇದನ್ನು ಬರೆಯದೆ ಬಿಟ್ಟರೆ, ಅಲ್ಲಿನ ಯಹೂದಿ ವಿದ್ಯಾರ್ಥಿಗಳು ಆ ವಾರ ಯಾಕೆ ಅಷ್ಟು ಹೆದರಿದ್ದರು ಅನ್ನುವುದು ಅರ್ಥವಾಗುವುದಿಲ್ಲ. ಉತ್ಸವದ ಪ್ಯಾರಾದೊಳಗೆ ಸೇರಿಸಿದರೆ ಆಯೋಜಕರೇ ಅವನನ್ನು ಕಳಿಸಿದ ಹಾಗೆ ಓದಿಸಿಕೊಳ್ಳುತ್ತದೆ. ಕೊನೆಗೆ ವಿದ್ಯಾರ್ಥಿಗಳ ಭಯದ ಬಗ್ಗೆ ಬರೆದ ಪ್ಯಾರಾದಲ್ಲಿ ಇಟ್ಟೆ.

ನನಗೆ ಜಾಸ್ತಿ ಬೇಜಾರಾದದ್ದು ಬೇರೆಯದಕ್ಕೆ. ಇಷ್ಟೆಲ್ಲ ಓದಿದರೂ ಆ ಮೂರು ದಿನ ವೇದಿಕೆ ಮೇಲೆ ಏನು ಓದಿದರು, ಏನು ಮಾತಾಡಿದರು ಅನ್ನುವುದು ಹೆಚ್ಚಾಗಿ ಸಿಗುವುದೇ ಇಲ್ಲ. ನೂರಕ್ಕೂ ಹೆಚ್ಚು ಅತಿಥಿಗಳು. ಕವಿಗಳು, ಕಾದಂಬರಿಕಾರರು, ಇತಿಹಾಸಕಾರರು, ಕಲಾವಿದರು, ಮಕ್ಕಳಿಗೆ ಬರೆಯುವವರು. ಬರಹಗಳಲ್ಲಿ ಇವರಿಗೆ ಸಿಗುವುದು "ಮುಂತಾದವರು" ಎಂಬ ಜಾಗ. ಸಾಹಿತ್ಯ ಉತ್ಸವದ ಪರಿಚಯದಲ್ಲಿ ಸಾಹಿತ್ಯವೇ ಇಲ್ಲದಿದ್ದರೆ ಅದು ಯಾವ ಸೀಮೆಯ ನಿಷ್ಪಕ್ಷಪಾತ? ಹಾಗಂತ ನೂರರಲ್ಲಿ ಮೂರ್ನಾಲ್ಕು ಜನ ತಾನೇ ಅಂದು ಆಕ್ಷೇಪವನ್ನು ತಳ್ಳಿಹಾಕುವುದೂ ಆಗುವುದಿಲ್ಲ. ವಿಶ್ವವಿದ್ಯಾಲಯದ ವೇದಿಕೆ ಮೇಲೆ ಅಂಥವರು ಒಬ್ಬರಿದ್ದರೂ ಹೆಚ್ಚೇ ಅನ್ನುವುದು ವಿರೋಧಿಗಳ ವಾದ, ಅದಕ್ಕೆ ಎಣಿಕೆ ಉತ್ತರವಾಗದು. ಅರ್ಧ ಪುಟ ಇವರಿಗೆ, ಅರ್ಧ ಪುಟ ಅವರಿಗೆ ಅಂತ ಹಂಚಿದ್ದರೆ ಉತ್ಸವಕ್ಕೇ ಜಾಗ ಉಳಿಯುತ್ತಿರಲಿಲ್ಲ.

ಅಂದ ಹಾಗೆ, ಇದನ್ನು ಪ್ಯಾಲ್‌ಫೆಸ್ಟ್ ಜೊತೆ ಕಲಸಬೇಡಿ. ಅದು 2008ರಲ್ಲಿ ಈಜಿಪ್ಟ್ ಮೂಲದ ಬರಹಗಾರ್ತಿ ಅಹ್ದಾಫ್ ಸುಯೇಫ್ ಮತ್ತಿತರರು ಶುರು ಮಾಡಿದ್ದು, ಪ್ಯಾಲೆಸ್ತೀನಿ ಊರುಗಳಲ್ಲೇ ಸುತ್ತುವ ಉತ್ಸವ. 2009ರಲ್ಲಿ ಪೂರ್ವ ಜೆರುಸಲೇಮಿನ ರಂಗಮಂದಿರದಲ್ಲಿ ಅದರ ಮೊದಲ ಸಂಜೆಯನ್ನು ಇಸ್ರೇಲಿ ಪೊಲೀಸರು ನಿಲ್ಲಿಸಿದರು, ಜನ ಫ್ರೆಂಚ್ ಸಾಂಸ್ಕೃತಿಕ ಕೇಂದ್ರಕ್ಕೆ ನಡೆದು ಹೋಗಿ ಅಲ್ಲಿ ಮುಂದುವರಿಸಿದರು. 2012ರಲ್ಲಿ ಹಮಾಸ್ ಆಡಳಿತದ ಗಾಜಾದಲ್ಲಿ ಅದೇ ಉತ್ಸವದ ಕೊನೆಯ ಕಾರ್ಯಕ್ರಮವನ್ನು ಅಲ್ಲಿನ ಪೊಲೀಸರು ನಿಲ್ಲಿಸಿದರು. ಒಂದನ್ನು ಹೇಳಿ ಇನ್ನೊಂದನ್ನು ನುಂಗುವವರು ಎರಡೂ ಕಡೆ ಇದ್ದಾರೆ.

ಮಗಿಲ್ ಅಕ್ಟೋಬರ್ 15ಕ್ಕೆ ಮತ್ತೊಂದು ಹೇಳಿಕೆ ಕೊಟ್ಟು, ನಮ್ಮ ನಿಲುವನ್ನು ಇನ್ನೂ ಬೇಗ ಹೇಳಬೇಕಿತ್ತು ಅಂದರು. ಡಿಸೆಂಬರ್ 9ಕ್ಕೆ ರಾಜೀನಾಮೆ ಕೊಟ್ಟರು. "ಉತ್ಸವದಿಂದ ಅಧ್ಯಕ್ಷೆಯ ತಲೆದಂಡ" ಅಂತ ಬರೆದರೆ ಓದೋಕೆ ಚೆನ್ನಾಗಿರುತ್ತದೆ. ಆದರೆ ನಡುವೆ ಡಿಸೆಂಬರ್ 5 ಇದೆ. ಯಹೂದಿಗಳ ನರಮೇಧಕ್ಕೆ ಕರೆ ಕೊಡುವುದು ಪೆನ್‌ನ ನಿಯಮ ಮುರಿದಂತೆಯೇ ಅಂತ ಅಮೆರಿಕದ ಸಂಸತ್ತಿನ ವಿಚಾರಣೆಯಲ್ಲಿ ಕೇಳಿದ್ದಕ್ಕೆ ಅವರು ಸಂದರ್ಭದ ಮೇಲೆ ಹೋಗುತ್ತದೆ ಅಂದಿದ್ದರು, ರಾಜೀನಾಮೆಯ ಒತ್ತಡ ಮೇಲೆದ್ದು ಬಂದದ್ದು ಅದರಿಂದ. ದಾನಿಗಳ ಸಿಟ್ಟು ಉತ್ಸವದ ಹೊತ್ತಿನಿಂದಲೇ ಇತ್ತು, ನಿಜ. ಎರಡನ್ನೂ ಬರೆದೆ.

ನಿನ್ನ ಅಭಿಪ್ರಾಯ ಏನು ಅಂತ ಬಳಗದ ಒಬ್ಬರು ಕೇಳಿದರು. ಉತ್ಸವ ಕ್ಯಾಂಪಸ್ಸಿನಲ್ಲಿ ನಡೆದದ್ದು ಸರಿ, ವಾಟರ್ಸ್ ಅವರನ್ನು ಕರೆಯುವ ಅಗತ್ಯ ಇರಲಿಲ್ಲ, ಕವಿಗಳ ಉತ್ಸವಕ್ಕೆ ರಾಕ್ ಸ್ಟಾರ್ ಯಾಕೆ ಬೇಕಿತ್ತೋ ಗೊತ್ತಿಲ್ಲ. ಇದು ಟಿಪ್ಪಣಿಯಲ್ಲಿಲ್ಲ. ಅಲ್ಲಿ ಹುಡುಕಬೇಡಿ.