84 ಅಂದ್ರೆ ನಾನು ಚೆನ್ನಾಗಿದ್ದೀನಿ ಅಂತ

2021ರ ಮೇ ತಿಂಗಳು. ನನ್ನ ಕೋವಿಡ್ ರಿಪೋರ್ಟ್ ಪಾಸಿಟಿವ್ ಬಂದ ಮಾರನೇ ದಿನ ಬೆಳಿಗ್ಗೆ ಒಂದು ಫೋನ್ ಬಂತು. ಮನೆಯಲ್ಲೇ ಇರುವ ಸೋಂಕಿತರನ್ನು ವಿಚಾರಿಸಿಕೊಳ್ಳುವ ಹುಡುಗಿ. ಹೆಸರು, ವಯಸ್ಸು, ಜ್ವರ ಎಲ್ಲಾ ಕೇಳಿ, "ಆಕ್ಸಿಜನ್ ಎಷ್ಟಿದೆ ಮೇಡಂ?" ಎಂದಳು.

"84" ಎಂದೆ.

ಆ ಕಡೆ ಸದ್ದೇ ಇಲ್ಲ. ಆಮೇಲೆ ಗಾಬರಿಯಲ್ಲಿ, "ಮೇಡಂ, ಉಸಿರಾಡೋಕೆ ಆಗ್ತಿದೆಯಾ? ಪಕ್ಕದಲ್ಲಿ ಯಾರಿದ್ದಾರೆ, ಅವರಿಗೆ ಫೋನ್ ಕೊಡಿ" ಎಂದಳು. ನಾನು ಕಿಟಕಿ ಪಕ್ಕ ಕೂತು ಕಾಫಿ ಕುಡಿಯುತ್ತಿದ್ದೆ. ನನಗೆ ಅದು ಮಾಮೂಲಿ ಕಣಮ್ಮ, ಹುಟ್ಟಿದಾಗಿನಿಂದ ಹಾರ್ಟಲ್ಲಿ ಹೋಲ್ ಇದೆ ಎಂದು ಎಷ್ಟು ಹೇಳಿದರೂ ಅವಳಿಗೆ ಸಮಾಧಾನವಾಗಲಿಲ್ಲ. ತಪ್ಪು ಅವಳದ್ದಲ್ಲ. 94ಕ್ಕಿಂತ ಕಡಿಮೆ ಇದ್ದರೆ ಆಸ್ಪತ್ರೆಗೆ ಕಳಿಸಬೇಕು ಅಂತ ಅವಳಿಗೆ ಹೇಳಿಕೊಟ್ಟಿದ್ದರು. ಎಲ್ಲರಿಗೂ ಒಂದೇ ಲೆಕ್ಕ.

ಹೋದ ವಾರ ಚಿಕ್ಕಮಗಳೂರು ಕಡೆಯ ಒಬ್ಬ ತಾಯಿ ನನಗೆ ಬರೆದಿದ್ದರು. ಮಗುವಿನ ಹಾರ್ಟಲ್ಲಿ ತೊಂದರೆ ಇದೆ, ಕೊರೋನಾ ಬಂದರೆ ಇಂಥ ಮಕ್ಕಳಿಗೆ ಏನಾಗುತ್ತೆ ಅಕ್ಕ, ಅಂತ. ಎರಡು ಸಾಲಲ್ಲಿ ಉತ್ತರಿಸಲು ಮನಸ್ಸು ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಹೃದಯದ ವಿಷಯ. ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು. ವಿಎಸ್‌ಡಿ ಅಂತಾರೆ. ಕೂಸಾಗಿದ್ದಾಗ ನೋಡಿದ ಡಾಕ್ಟರು, ಬೆಳೆಯುತ್ತಾ ತಾನೇ ಮುಚ್ಚಿಕೊಳ್ಳುತ್ತೆ ಎಂದರಂತೆ. ಚಿಕ್ಕ ತೂತು ಹಾಗೆ ಮುಚ್ಚಿಕೊಳ್ಳುವುದು ನಿಜ. ನನ್ನದು ದೊಡ್ಡದಿತ್ತು. ಎಡಗಡೆಯ ರಕ್ತ ಜೋರಾಗಿ ಬಲಕ್ಕೆ ನುಗ್ಗಿ, ವರ್ಷಗಟ್ಟಲೆ ಶ್ವಾಸಕೋಶದ ರಕ್ತನಾಳಗಳ ಮೇಲೆ ಒತ್ತಡ ಬಿತ್ತು. ನಾಳಗಳು ದಪ್ಪವಾದವು, ಗಡುಸಾದವು. ಕೊನೆಗೆ ಬಲಗಡೆಯ ಒತ್ತಡವೇ ಹೆಚ್ಚಾಗಿ ಹರಿವು ತಿರುಗಿಬಿಟ್ಟಿತು. ಈಗ ಸ್ವಲ್ಪ ರಕ್ತ ಶ್ವಾಸಕೋಶದ ಮುಖವನ್ನೇ ನೋಡದೆ ನೇರ ಮೈಗೆ ಹೋಗುತ್ತದೆ. ಅದಕ್ಕೇ ತುಟಿ ನೀಲಿ, ಬೆರಳ ತುದಿ ಉಬ್ಬಿ ಉಗುರು ಬಾಗಿದೆ. ವಿಯೆನ್ನಾದ ವೈದ್ಯ ವಿಕ್ಟರ್ ಐಸೆನ್‌ಮೆಂಗರ್ 1897ರಲ್ಲೇ ಇಂಥ ಒಬ್ಬ ರೋಗಿಯ ಬಗ್ಗೆ ಬರೆದಿದ್ದರು. ಈ ಕಾಯಿಲೆಗೆ ಅವರದೇ ಹೆಸರು. ಆ ರೋಗಿಗೆ 32 ವರ್ಷ. ಇದನ್ನು ಓದಿದಾಗ ನನಗೂ 32.

ನನಗೆ ಹನ್ನೊಂದು ವರ್ಷವಿದ್ದಾಗ ಅಪ್ಪ ಬೆಂಗಳೂರಿಗೆ ಕರೆದುಕೊಂಡು ಹೋದರು. ಅಷ್ಟರಲ್ಲಿ ಹೊತ್ತು ಮೀರಿತ್ತು. ಹರಿವು ಹೀಗೆ ತಿರುಗಿದ ಮೇಲೆ ತೂತು ಮುಚ್ಚಿದರೆ ಜೀವಕ್ಕೇ ಅಪಾಯ. ಅಂದಿನಿಂದ ಮಾತ್ರೆ, ವರ್ಷಕ್ಕೆರಡು ಸಲ ಎಕೋ, ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುವುದು. ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಕೂತು ಮಾಡುವ ಕೆಲಸ, ನನಗೆ ಸರಿಹೋಗಿದೆ.

ಜ್ವರದ ಮೊದಲ ಮೂರು ದಿನ ಅಮ್ಮ ಬಾಗಿಲ ಹೊರಗೆ ಗಂಜಿ, ಮಜ್ಜಿಗೆ, ಎಳನೀರು ಇಟ್ಟು ಹೋಗುತ್ತಿದ್ದಳು. "ಖಾಲಿ ಮಾಡು ಪುಟ್ಟಿ, ಲೋಟ ಹೊರಗಿಡು, ನಾನು ನೋಡ್ಬೇಕು" ಅನ್ನೋಳು. ಡಾಕ್ಟರು ಫೋನಲ್ಲಿ ಕಟ್ಟುನಿಟ್ಟಾಗಿ ಹೇಳಿದ್ದರು. ನನ್ನಂಥವರಿಗೆ ಆಕ್ಸಿಜನ್ ಕೊರತೆ ತುಂಬಿಸಲು ಮೈ ತಾನೇ ಕೆಂಪು ರಕ್ತಕಣ ಜಾಸ್ತಿ ಮಾಡಿಕೊಳ್ಳುತ್ತೆ. ನನ್ನ ಹಿಮೋಗ್ಲೋಬಿನ್ 19. ರಕ್ತ ಮೊದಲೇ ಮಂದ. ಜ್ವರ, ಭೇದಿಯಲ್ಲಿ ನೀರು ಕಡಿಮೆಯಾದರೆ ಇನ್ನೂ ಮಂದವಾಗುತ್ತೆ. ಹೆಪ್ಪುಗಟ್ಟಿದರೆ ಸ್ಟ್ರೋಕ್. ಮೇಲಾಗಿ ಕೊರೋನಾಕ್ಕೇ ರಕ್ತ ಹೆಪ್ಪುಗಟ್ಟಿಸುವ ಗುಣ ಇದೆ. ಆ ಲೋಟಗಳನ್ನು ನಾನು ಔಷಧಿಯಂತೆಯೇ ಕುಡಿದೆ.

ನಾಲ್ಕನೇ ದಿನ ರಾತ್ರಿ 80. ಐದನೇ ದಿನ ಬೆಳಿಗ್ಗೆ 76. ಆಕ್ಸಿಜನ್ ನೋಡಲು ಬೆರಳಿಗೆ ಹಾಕುವ ಆ ಕ್ಲಿಪ್ಪು 80ಕ್ಕಿಂತ ಕೆಳಗೆ ತೋರಿಸುವುದನ್ನು ಪೂರ್ತಿ ನಂಬುವಂತಿಲ್ಲ ಎಂದು ಗೊತ್ತಿತ್ತು. ಬೆರಳನ್ನು ಉಜ್ಜಿ ಬಿಸಿ ಮಾಡಿ ಮತ್ತೆ ಹಾಕಿದೆ. 77. ಮಂಚದಿಂದ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು. ಸೋಂಕು ಶ್ವಾಸಕೋಶಕ್ಕೆ ಇಳಿದರೆ ಅಲ್ಲಿನ ಒತ್ತಡ ಇನ್ನೂ ಏರುತ್ತೆ, ಅಡ್ಡದಾರಿ ಹಿಡಿಯುವ ರಕ್ತವೂ ಜಾಸ್ತಿಯಾಗುತ್ತೆ. ಯಾರು ಏನೇ ಹೇಳಲಿ, ನನ್ನ ಲೆಕ್ಕದಲ್ಲಿ ಅವತ್ತು ನಾನು ಕಾಯಿಲೆಯವಳು. 84ರಲ್ಲಿ ಅಲ್ಲ, 76ರಲ್ಲಿ.

ತಮ್ಮ ಹದಿನೆಂಟು ಕಡೆ ಫೋನ್ ಮಾಡಿದ ಮೇಲೆ ತುಮಕೂರಿನಲ್ಲಿ ಒಂದು ಬೆಡ್ ಸಿಕ್ಕಿತು. ಕೆ.ಬಿ. ಕ್ರಾಸ್, ನಿಟ್ಟೂರು, ಗುಬ್ಬಿ. ಲಾಕ್‌ಡೌನ್‌ನಲ್ಲಿ ರಸ್ತೆ ಖಾಲಿ. ಕಾರಿನ ಕಿಟಕಿ ಎಲ್ಲಾ ತೆರೆದು, ಎರಡು ಮಾಸ್ಕ್ ಹಾಕಿಕೊಂಡು ಅವನು ಓಡಿಸಿದ. ದಾರಿ ಉದ್ದಕ್ಕೂ ಒಂದೇ ಮಾತು, "ಅಕ್ಕ, ಮಾತಾಡ್ತಾ ಇರು."

ವಾರ್ಡಿನಲ್ಲಿ ನನಗೆ ಮಾಸ್ಕ್ ಹಾಕಿ ಆಕ್ಸಿಜನ್ ಏರಿಸುತ್ತಾ ಹೋದರು. 10 ಲೀಟರ್, 12 ಲೀಟರ್. 81ರ ಮೇಲೆ ಏರಲೇ ಇಲ್ಲ. ಏರುವುದೂ ಇಲ್ಲ, ಅಲ್ವಾ? ಶ್ವಾಸಕೋಶಕ್ಕೆ ಹೋಗದ ರಕ್ತಕ್ಕೆ ಮಾಸ್ಕಿನ ಆಕ್ಸಿಜನ್ ಹೇಗೆ ಸಿಗಬೇಕು? ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು ವೆಂಟಿಲೇಟರ್ ಮಾತು ತೆಗೆದರು. ನನಗೆ ಕೈಕಾಲು ತಣ್ಣಗಾಯಿತು. ಒತ್ತಡದಲ್ಲಿ ಗಾಳಿ ತುಂಬಿದರೆ, ನಿದ್ದೆ ಬರಿಸಿ ಬಿಪಿ ಇಳಿಸಿದರೆ ನನ್ನ ಹೃದಯಕ್ಕೆ ತಡೆದುಕೊಳ್ಳುವುದು ಕಷ್ಟ ಎಂದು ಗೊತ್ತಿತ್ತು. ಬೆಂಗಳೂರಿನ ನನ್ನ ಡಾಕ್ಟರಿಗೆ ಫೋನ್ ಹಚ್ಚಿ ಇವರ ಕೈಗೆ ಕೊಟ್ಟೆ. ಹತ್ತು ನಿಮಿಷ ಮಾತಾಡಿದರು. ಫೋನ್ ವಾಪಸ್ ಕೊಡುವಾಗ ಅವರು ಹೇಳಿದ್ದು ಇಷ್ಟೇ: "ನಿಮ್ಮ ಗುರಿ 84 ಅಂತೆ. 94 ಅಲ್ಲ. ಸರಿ, ನಾವು 84ಕ್ಕೆ ಕೆಲಸ ಮಾಡೋಣ." ಆ ರಾತ್ರಿ ಕೇಸ್ ಶೀಟಿನ ಮೇಲೆ ಕೆಂಪು ಪೆನ್ನಲ್ಲಿ ಹಾಗೇ ಬರೆಸಿದರು. ಅವರಿಗೆ ನಾನು ಋಣಿ.

ಅದೇ ಫೋನಲ್ಲಿ ಹೇಳಿದ ಇನ್ನೊಂದು ಮಾತು ಡ್ರಿಪ್ಪಿನ ಬಗ್ಗೆ. ಬೇರೆಯವರಿಗೆ ನಳಿಕೆಯಲ್ಲಿ ಒಂದು ಸಣ್ಣ ಗಾಳಿಗುಳ್ಳೆ ಹೋದರೆ ಅದು ಶ್ವಾಸಕೋಶದಲ್ಲಿ ಸಿಕ್ಕಿ ಕರಗಿಹೋಗುತ್ತೆ. ನನ್ನಲ್ಲಿ ಅದು ತೂತಿನಿಂದ ದಾಟಿ ಸೀದಾ ಮಿದುಳಿಗೆ ಹೋಗಬಹುದು. ರಾತ್ರಿ ಪಾಳಿಯ ಸಿಸ್ಟರ್‌ಗೆ ಇದನ್ನು ಹೇಳಿದೆ. ಪಿಪಿಇ ಕಿಟ್ಟಿನೊಳಗೆ ಬೆವರಿಳಿಯುತ್ತಿತ್ತು, ಕನ್ನಡಕ ಮಂಜಾಗಿತ್ತು, ಅವತ್ತು ಅವರ ಪಾಲಿಗೆ ಮೂವತ್ತು ಜನ ರೋಗಿಗಳು. ಆದರೂ ನನ್ನ ಮಂಚದ ಹತ್ತಿರ ಬಂದಾಗಲೆಲ್ಲ ನಳಿಕೆಯನ್ನು ಟ್ಯೂಬ್‌ಲೈಟ್ ಬೆಳಕಿಗೆ ಹಿಡಿಯುವರು. ಮೇಲಿಂದ ಕೆಳಗೆ ಬೆರಳಿನಿಂದ ಟಕ್ ಟಕ್ ಎಂದು ಹೊಡೆಯುವರು. ಗೋಡೆಗಂಟಿದ ಸಾಸಿವೆಯಷ್ಟು ಗುಳ್ಳೆಗಳು ಒಂದೊಂದೇ ಬಿಟ್ಟು ಮೇಲೇರುತ್ತಿದ್ದವು. ಎಲ್ಲಾ ಹೋದ ಮೇಲೇ ನನ್ನ ಕೈಗೆ ಜೋಡಿಸುವರು. ಮೂರನೇ ರಾತ್ರಿ ನಾನು ನಿದ್ದೆಯಲ್ಲಿದ್ದೆ. ಕಣ್ಣು ಬಿಟ್ಟಾಗ ಅವರು ಕತ್ತಲಲ್ಲೇ ಮೊಬೈಲ್ ಟಾರ್ಚ್ ಹಿಡಿದು ನಳಿಕೆ ನೋಡುತ್ತಾ ನಿಂತಿದ್ದರು. "ಮಲಕ್ಕೊಳ್ಳಿ ಮೇಡಂ, ಒಂದೂ ಇಲ್ಲ" ಎಂದರು. ಆ ಸಿಸ್ಟರ್ ಮುಖ ನಾನು ನೋಡಲೇ ಇಲ್ಲ, ಕಣ್ಣು ಮಾತ್ರ.

ಹನ್ನೆರಡು ದಿನಕ್ಕೆ ಮನೆಗೆ ಬಂದೆ. 82 ಇತ್ತು. 84 ಆಗಲು ಎರಡು ತಿಂಗಳು ಬೇಕಾಯಿತು.

ಇನ್ನೊಂದು ವಿಷಯ ಹೇಳಬೇಕು, ಇದು ಆ ತಾಯಿಗೆ ಮುಖ್ಯ. ಓಪಿಡಿಯಲ್ಲಿ ಪರಿಚಯವಾದ ಒಬ್ಬ ಹುಡುಗನಿದ್ದಾನೆ, ಹಾಸನದವನು. ಅವನಿಗೆ ಫ್ಯಾಲೋಸ್ ಟೆಟ್ರಾಲಜಿ. ಅಂದರೆ ಒಂದಲ್ಲ, ನಾಲ್ಕು ದೋಷ ಒಟ್ಟಿಗೆ. ಹೆಸರು ಕೇಳಿದರೇ ಭಯ. ಆದರೆ ಎರಡನೇ ವಯಸ್ಸಿಗೇ ಆಪರೇಷನ್ ಆಗಿ, ಈಗ ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಅಂಕಿ, 98. ನಾನು ಆಸ್ಪತ್ರೆಯಲ್ಲಿದ್ದ ತಿಂಗಳೇ ಅವನಿಗೂ ಕೊರೋನಾ ಬಂದಿತ್ತು. ನಾಲ್ಕು ದಿನ ಜ್ವರ, ಗಂಟಲು ನೋವು, ರುಚಿ ಇಲ್ಲ, ಅಷ್ಟೇ. ನನ್ನದು ಬರೀ ಒಂದು ತೂತು. ಆದರೂ ನೆಲ ಹಿಡಿದವಳು ನಾನು.

ಇದು ನಮ್ಮಿಬ್ಬರ ಅದೃಷ್ಟದ ಮಾತಲ್ಲ. ಹುಟ್ಟಿನಿಂದ ಹೃದಯದೋಷವಿದ್ದು ಕೊರೋನಾ ಬಂದ 1,044 ದೊಡ್ಡವರ ವಿವರವನ್ನು ಹಲವು ದೇಶಗಳ 58 ಕೇಂದ್ರಗಳು ಕೂಡಿಸಿ 2021ರಲ್ಲಿ ಪ್ರಕಟಿಸಿದವು. ತೀರಿಕೊಂಡವರು 24 ಜನ, ನೂರಕ್ಕೆ ಎರಡು ಚಿಲ್ಲರೆ. ಬೇರೆಯವರಲ್ಲಿ ಕಂಡದ್ದಕ್ಕಿಂತ ತುಂಬಾ ಜಾಸ್ತಿಯೇನಲ್ಲ. ದೋಷ ಎಷ್ಟು ಜಟಿಲ ಅನ್ನುವುದರಿಂದ ಅಪಾಯ ಗೊತ್ತಾಗಲಿಲ್ಲ. ಮೈ ನೀಲಿಗಟ್ಟುವವರು, ಶ್ವಾಸಕೋಶದ ಒತ್ತಡ ಇರುವವರು, ಹೃದಯ ಸೋತು ಹಿಂದೆ ಆಸ್ಪತ್ರೆ ಸೇರಿದವರು, ಇವರಿಗೆ ಕಷ್ಟ ಜಾಸ್ತಿ. ಆಸ್ಪತ್ರೆ ಸೇರುವ ಹಂತಕ್ಕೆ ಹೋದರೆ ಮಾತ್ರ ಚಿತ್ರ ಬೇರೆ. ಅಮೆರಿಕದಲ್ಲಿ ಕೊರೋನಾಕ್ಕೆ ಆಸ್ಪತ್ರೆ ಸೇರಿದವರನ್ನು ಹೋಲಿಸಿ 2022ರಲ್ಲಿ ಬಂದ ಲೆಕ್ಕದಲ್ಲಿ ಹೃದಯದೋಷ ಇದ್ದವರು ನೂರಕ್ಕೆ 11 ಜನ ತೀರಿಕೊಂಡಿದ್ದರು, ಇಲ್ಲದವರು 7. ಅವರಲ್ಲಿ ಬಹಳ ಜನಕ್ಕೆ ಬೇರೆ ಕಾಯಿಲೆಗಳೂ ಇದ್ದವು.

ಲಸಿಕೆಯ ವಿಷಯದಲ್ಲಿ ನನಗೆ ಇಂದಿಗೂ ಬೇಸರ ಇದೆ. 2021ರ ಮಾರ್ಚ್ 1ರಿಂದ ಬೇರೆ ಕಾಯಿಲೆ ಇರುವವರಿಗೂ ಲಸಿಕೆ ಎಂದರು. 20 ಕಾಯಿಲೆಗಳ ಪಟ್ಟಿ. ಹುಟ್ಟಿನ ಹೃದಯದೋಷದ ಜೊತೆ ಶ್ವಾಸಕೋಶದ ತೀವ್ರ ಒತ್ತಡ ಎಂದು ನನ್ನ ಕಾಯಿಲೆ ಅದರಲ್ಲೇ ಇತ್ತು. ಆದರೆ 45 ತುಂಬಿರಬೇಕು. ನನಗೆ 34. ಈ ಕಾಯಿಲೆಯವರು ಎಷ್ಟು ಜನ 45 ನೋಡುತ್ತಾರೆ? ಮೇ 1ರಿಂದ ನಮ್ಮ ವಯಸ್ಸಿನವರಿಗೂ ಎಂದಾಗ ಲಸಿಕೆಯೇ ಸಿಗಲಿಲ್ಲ. ಅಷ್ಟರಲ್ಲಿ ಜ್ವರ ಬಂತು. ಗುಣವಾಗಿ ಮೂರು ತಿಂಗಳಾದ ಮೇಲೆ ಕೋವಿಶೀಲ್ಡ್ ಹಾಕಿಸಿಕೊಂಡೆ, ಆಮೇಲೆ ಬಂದದ್ದನ್ನೆಲ್ಲಾ ತಪ್ಪದೆ ಹಾಕಿಸಿಕೊಂಡಿದ್ದೇನೆ.

ಆ ತಾಯಿಗೆ ನಾನು ಬರೆದದ್ದು ಇಷ್ಟು: ಮಗು ಚೆನ್ನಾಗಿ ಆಡಿಕೊಂಡಿರುವ ದಿನ ಸ್ಯಾಚುರೇಶನ್ ನೋಡಿ ಬರೆದಿಟ್ಟುಕೊಳ್ಳಿ. ಒಂದು ದಿನ ಅಲ್ಲ, ನಾಲ್ಕೈದು ದಿನ. ಅದು ನಿಮ್ಮ ಮಗುವಿನ ಅಂಕಿ. ಅದರ ಜೊತೆ ದೋಷದ ಹೆಸರು, ಆದ ಆಪರೇಷನ್, ಮಾತ್ರೆಗಳು, ಡಾಕ್ಟರ ನಂಬರು ಒಂದು ಚೀಟಿಯಲ್ಲಿರಲಿ. ರಕ್ತ ತೆಳುವಾಗುವ ಮಾತ್ರೆ ಇದ್ದರೆ ಅದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ, ಜ್ವರದಲ್ಲಿ ಕೊಡುವ ಕೆಲವು ಆಂಟಿಬಯಾಟಿಕ್‌ಗಳು ಅದರ ಪ್ರಭಾವ ಏರುಪೇರು ಮಾಡುತ್ತವೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಮಾತ್ರೆ ಕೊಡಲೇಬೇಡಿ.

ನನ್ನ ಚೀಟಿಯನ್ನು ತಮ್ಮ ಲ್ಯಾಮಿನೇಟ್ ಮಾಡಿಸಿ ಕೊಟ್ಟಿದ್ದಾನೆ. ಮೊದಲ ಸಾಲು "ಸಾಮಾನ್ಯ ಸ್ಯಾಚುರೇಶನ್ 84". ಎರಡನೇ ಸಾಲು "ಡ್ರಿಪ್ಪಿನಲ್ಲಿ ಒಂದು ಗುಳ್ಳೆಯೂ ಇರಬಾರದು". ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇದೆ. ಒಂದು ನನ್ನ ಪರ್ಸಿನಲ್ಲಿ, ಒಂದು ಅಮ್ಮನ ಬೀರುವಿನ ಬಾಗಿಲಿಗೆ ಅಂಟಿಸಿದೆ, ಇನ್ನೊಂದು ಮಂಡಿಯ ಸಾಹುಕಾರರ ಗಲ್ಲಾಪೆಟ್ಟಿಗೆಯಲ್ಲಿ.

ಮೊನ್ನೆ ಸೋಮವಾರ ಮತ್ತೆ ಮೈ ಬೆಚ್ಚಗಾಯಿತು, ಮೂಗು ಕಟ್ಟಿತು. ಅಮ್ಮ ಎಳನೀರು ತರಿಸಿದಳು. ಬೆರಳು ಉಜ್ಜಿ ಕ್ಲಿಪ್ಪು ಹಾಕಿದೆ. 83. ಮಂಡಿಗೆ ರಜೆ ಹೇಳಿ, ಲೋಟ ಖಾಲಿ ಮಾಡಿ ಹೊರಗಿಟ್ಟು ಮಲಗಿದೆ.